ಐ7-13700ಎಚ್ ಅಥವಾ ರೈಜನ್ 7 7840ಎಚ್‌ಎಸ್: ಕಲಬುರಗಿ ಬಿಸಿಲಿಗೆ ಯಾವುದು ತಾಳುತ್ತದೆ?

ನಕ್ಷೆಗಾರ, ಕಲಬುರಗಿ

ಎರಡು ಲ್ಯಾಪ್‌ಟಾಪ್‌ಗಳ ನಡುವೆ ಸಿಕ್ಕಿಕೊಂಡಿದ್ದೇನೆ, ಬಲ್ಲವರು ದಾರಿ ತೋರಿಸಿ. ಎರಡೂ 2023ರ ಮಾದರಿ, ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಲ್ಲಿ ಉಳಿದ ಮಾಲು, ಹಾಗಾಗಿ ಬೆಲೆ ಇಳಿದಿದೆ. ಒಂದರಲ್ಲಿ ಪ್ರೊಸೆಸರ್ ಇಂಟೆಲ್ ಕೋರ್ ಐ7-13700ಎಚ್, ಇನ್ನೊಂದರಲ್ಲಿ ಎಎಂಡಿ ರೈಜನ್ 7 7840ಎಚ್‌ಎಸ್. ಎರಡಕ್ಕೂ ಗ್ರಾಫಿಕ್ಸ್ ಚಿಪ್ ಎನ್‌ವಿಡಿಯಾ ಆರ್‌ಟಿಎಕ್ಸ್ 4060, ಎರಡಕ್ಕೂ 16 ಜಿಬಿ ರ‍್ಯಾಮ್. ದುಡ್ಡಿನಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ.

ಹಗಲು ಮನೆ ನಕ್ಷೆಯ ಕೆಲಸ: ಆಟೊಕ್ಯಾಡ್, ಸ್ಕೆಚ್‌ಅಪ್, ಗಿರಾಕಿಗೆ ತೋರಿಸಲು ವಿ-ರೇಯಲ್ಲಿ ರೆಂಡರ್ (ನಿಜದಂತೆ ಕಾಣುವ ಚಿತ್ರ). ರಾತ್ರಿ ಗೆಳೆಯರ ಜೊತೆ ವ್ಯಾಲರಂಟ್, ಬಿಡುವಿದ್ದರೆ ದೊಡ್ಡ ಕಥೆಯ ಆಟಗಳು. ನನ್ನ ಕೋಣೆ ಮೇಲಂತಸ್ತಿನಲ್ಲಿದೆ, ಬಿಸಿಲು ನೇರ ಮಾಳಿಗೆಗೆ ಹೊಡೆಯುತ್ತದೆ. ಎಸಿ ಇಲ್ಲ, ಕೂಲರ್ ಇದೆ. ಮೇ ತಿಂಗಳು ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಯೂಟ್ಯೂಬಿನಲ್ಲಿ ಸಿಗುವ ಹೋಲಿಕೆಗಳೆಲ್ಲ ತಂಪು ಕೋಣೆಯಲ್ಲಿ ಮಾಡಿದವು. ನಮ್ಮ ಕಡೆ ಬಳಸಿ ನೋಡಿದವರ ಮಾತು ಬೇಕು.

ಫ್ರೇಮ್‌ಬೇಟೆ, ಕಲಬುರಗಿ

ಇದರಲ್ಲಿ ಕೇಳುವುದೇನಿದೆ ಅಣ್ಣ? ಇಂಟೆಲ್‌ನಲ್ಲಿ 14 ಕೋರ್, ರೈಜನ್‌ನಲ್ಲಿ 8. ಲೆಕ್ಕ ಬರುವ ಯಾರೂ ಎಂಟನ್ನು ಆರಿಸುವುದಿಲ್ಲ. ವ್ಯಾಲರಂಟ್‌ನಂಥ ಆಟಕ್ಕೆ ಒಂದೊಂದು ಕೋರ್‌ನ ವೇಗ ಮುಖ್ಯ, ಅದರಲ್ಲೂ ಇಂಟೆಲ್ ಕೈ ಮೇಲು. ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಹಳೆಹುಲಿ, ಸೇಡಂ

ಕಣ್ಣು ಮುಚ್ಚಿ ತೆಗೆದುಕೊಂಡವರೇ ಆಮೇಲೆ ಇಲ್ಲಿ ಬಂದು ಕಣ್ಣು ಬಿಡುತ್ತಾರೆ. ನಾನೊಂದು ಪ್ರಶ್ನೆ ಕೇಳುತ್ತೇನೆ: ಕುಳಿತಲ್ಲೇ ಕೆಲಸ, ಕುಳಿತಲ್ಲೇ ಆಟ ಅಂದಮೇಲೆ ಡೆಸ್ಕ್‌ಟಾಪ್ ಏಕಲ್ಲ?

ನಕ್ಷೆಗಾರ, ಕಲಬುರಗಿ

ಸರ್, ಸೈಟಿಗೆ ಒಯ್ಯಬೇಕು. ಗೋಡೆ ಏಳುವ ಹೊತ್ತಿಗೆ ಗಿರಾಕಿಗೆ ಅಡುಗೆಮನೆ ಈ ಕಡೆ ಬೇಡ, ಆ ಕಡೆ ಬೇಕು ಅನ್ನಿಸುತ್ತದೆ. ಅಲ್ಲೇ ತಿದ್ದಿ ತೋರಿಸಬೇಕು.

ಸ್ಕ್ರೂಡ್ರೈವರ್, ಕಲಬುರಗಿ

ನಾನು ಲ್ಯಾಪ್‌ಟಾಪ್ ರಿಪೇರಿ ಮಾಡುವವನು. ಬೇಸಿಗೆಯಲ್ಲಿ ನನ್ನ ಮೇಜಿನ ಮೇಲೆ ಬರುವುದರಲ್ಲಿ ಹೆಚ್ಚಿನವು ಗೇಮಿಂಗ್ ಯಂತ್ರಗಳೇ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಫ್ರೇಮ್‌ಬೇಟೆ ತಮ್ಮ, ಕೋರ್‌ಗಳನ್ನು ತಲೆ ಎಣಿಸಿದಂತೆ ಎಣಿಸಬಾರದು. 13700ಎಚ್‌ನ 14ರಲ್ಲಿ ದೊಡ್ಡ ಕೋರ್‌ಗಳು 6 ಮಾತ್ರ, ಉಳಿದ 8 ಸಣ್ಣವು. ದೊಡ್ಡದಕ್ಕೆ ಎರಡೆರಡು ಥ್ರೆಡ್ (ಏಕಕಾಲಕ್ಕೆ ನಡೆಸುವ ಕೆಲಸದ ಸಾಲು), ಸಣ್ಣದಕ್ಕೆ ಒಂದೊಂದೇ, ಹೀಗೆ ಒಟ್ಟು 20. ದೊಡ್ಡವು 5 ಗಿಗಾಹರ್ಟ್ಸ್‌ವರೆಗೆ ಏರುತ್ತವೆ, ಸಣ್ಣವು 3.7ಕ್ಕೆ ನಿಲ್ಲುತ್ತವೆ. 7840ಎಚ್‌ಎಸ್‌ನಲ್ಲಿ ಎಂಟೂ ಒಂದೇ ಜಾತಿ, ಎಂಟೂ ಜೆನ್ 4 (ಎಎಂಡಿ ಕೋರ್ ವಿನ್ಯಾಸದ ಪೀಳಿಗೆ), ಥ್ರೆಡ್ 16, ಗರಿಷ್ಠ 5.1 ಗಿಗಾಹರ್ಟ್ಸ್. ಒಂದೇ ಕೋರ್ ಓಡಿಸಿ ಅಳೆದರೆ ಇಂಟೆಲ್ ಕೂದಲೆಳೆಯಷ್ಟು ಮುಂದೆ ಬರುವುದು ನಿಜ. ಆಟೊಕ್ಯಾಡ್‌ನಲ್ಲಿ ಗೆರೆ ಎಳೆಯುವುದು, ಸ್ಕೆಚ್‌ಅಪ್‌ನಲ್ಲಿ ಮಾದರಿ ತಿರುಗಿಸುವುದು ಬಹುತೇಕ ಒಂದೇ ಕೋರ್‌ನ ಕೆಲಸ. ಅಲ್ಲಿ ಎರಡರ ನಡುವಿನ ವ್ಯತ್ಯಾಸ ನಕ್ಷೆಗಾರರ ಕಣ್ಣಿಗೆ ಕಾಣುವುದೂ ಇಲ್ಲ.

ಕಾಣುವುದು ವ್ಯಾಟ್‌ನಲ್ಲಿ. 13700ಎಚ್‌ಗೆ ಇಂಟೆಲ್ ಕೊಟ್ಟಿರುವ ಮೂಲ ಮಿತಿ 45 ವ್ಯಾಟ್, ಟರ್ಬೊದಲ್ಲಿ, ಅಂದರೆ ವೇಗ ಏರಿಸಿದಾಗ, 115ರವರೆಗೆ. 7840ಎಚ್‌ಎಸ್‌ಗೆ ಎಎಂಡಿ ಹೇಳಿರುವುದು 35ರಿಂದ 54. ಲ್ಯಾಪ್‌ಟಾಪ್ ತಯಾರಕರು ಇದನ್ನು ಅಷ್ಟಿಷ್ಟು ಮೀರಿಸುವುದುಂಟು, ಆದರೆ ಸ್ವಭಾವ ಬದಲಾಗುವುದಿಲ್ಲ. ರೈಜನ್ ತಯಾರಾಗಿರುವುದು ಚಿಪ್ ತಯಾರಕ ಟಿಎಸ್‌ಎಂಸಿಯ 4 ನ್ಯಾನೊಮೀಟರ್ ತಂತ್ರದಲ್ಲಿ. ಇಂಟೆಲ್‌ನದು ಇಂಟೆಲ್ 7, ಅಂದರೆ 2021ರಲ್ಲಿ ಹೊಸ ಹೆಸರು ಪಡೆದ ಅದೇ 10 ನ್ಯಾನೊಮೀಟರ್ ಪೀಳಿಗೆ. ಹೊಟ್ಟೆತುಂಬ ಕರೆಂಟ್ ಕೊಟ್ಟರೆ ಇಂಟೆಲ್ ರೆಂಡರ್‌ನಲ್ಲಿ ಸಮ ಬರುತ್ತದೆ, ಕೆಲವೆಡೆ ಮುಂದೆಯೂ ಹೋಗುತ್ತದೆ. ಎರಡನ್ನೂ 45–50 ವ್ಯಾಟ್‌ಗೆ ಕಟ್ಟಿಹಾಕಿದರೆ ರೈಜನ್ ಸ್ಪಷ್ಟವಾಗಿ ಮುಂದೆ.

ಕಟ್ಟಿಹಾಕುವವರು ಯಾರು ಅಂದರೆ ನಮ್ಮ ಊರಿನ ಸೂರ್ಯ. ಎರಡೂ ಚಿಪ್‌ಗಳಿಗೆ ಮೇಲಿನ ಮಿತಿ 100 ಡಿಗ್ರಿ. ಹೀಟ್‌ಸಿಂಕ್ ಎಷ್ಟು ಶಾಖ ಹೊರಹಾಕುತ್ತದೆ ಎಂಬುದು ಚಿಪ್‌ಗೂ ಕೋಣೆಯ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ವಿಡಿಯೊ ಮಾಡುವವರ ಕೋಣೆ 22 ಡಿಗ್ರಿ ಎಂದಿಟ್ಟುಕೊಳ್ಳಿ, ಅಂತರ 78. ನಿಮ್ಮ ಮೇಲಂತಸ್ತಿನ ಕೋಣೆ ಮೇನಲ್ಲಿ 40, ಅಂತರ 60. ಅದೇ ಫ್ಯಾನ್, ಅದೇ ತಾಮ್ರದ ಕೊಳವೆ, ಆದರೆ ಹೊರಹೋಗುವ ಶಾಖ ಸುಮಾರು ಕಾಲು ಭಾಗ ಕಡಿಮೆ. ಅಲ್ಲಿ 90 ವ್ಯಾಟ್‌ನಲ್ಲಿ ಓಡಿದ ಚಿಪ್ ಇಲ್ಲಿ 70ಕ್ಕೆ ಇಳಿಯಬೇಕು. ಆಟ ಶುರುವಾದಾಗ ಅದೇ ಕೊಳವೆಗಳ ಮೇಲೆ 4060 ತನ್ನ ನೂರು ಚಿಲ್ಲರೆ ವ್ಯಾಟ್ ಸುರಿಯುತ್ತದೆ. ಆಗ ಪ್ರೊಸೆಸರ್ ಪಾಲಿಗೆ ಉಳಿಯುವುದೆಷ್ಟು? ಆ ಉಳಿದ ಪಾಲಿನಲ್ಲಿ ಹೆಚ್ಚು ಕೆಲಸ ಮಾಡುವುದು ರೈಜನ್. ನನ್ನ ಓಟು 7840ಎಚ್‌ಎಸ್‌ಗೆ.

ಫ್ರೇಮ್‌ಬೇಟೆ, ಕಲಬುರಗಿ

ಲೆಕ್ಕ ಒಪ್ಪಿದೆ ಅಣ್ಣ. ಆದರೆ ಆಟದ ಮಾತು ಬಂದರೆ ನೀವು ಅರ್ಧ ಹೇಳಿದಿರಿ. ದೊಡ್ಡ ಕಥೆಯ ಆಟಗಳನ್ನು ಎತ್ತರದ ಸೆಟ್ಟಿಂಗ್‌ನಲ್ಲಿ ಹಾಕಿದರೆ ಪೂರ್ತಿ ಹೊರೆ 4060 ಮೇಲೆ, ಪ್ರೊಸೆಸರ್ ಯಾವುದಾದರೂ ಫ್ರೇಮ್ ಅಷ್ಟೇ. ಪ್ರೊಸೆಸರ್ ಕಾಣಿಸುವುದು ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2 ಥರದವುಗಳಲ್ಲಿ, ಅದೂ ಸೆಟ್ಟಿಂಗ್ ಇಳಿಸಿ ಫ್ರೇಮ್ ಏರಿಸಿದಾಗ. ಅಂಥ ಕಡೆ ಎರಡೂ ಪರದೆಯ 144 ಅಥವಾ 165 ಹರ್ಟ್ಸ್ ಅನ್ನು ದಾಟಿಯೇ ಹೋಗುತ್ತವೆ. ದಾಟಿದ ಮೇಲೆ ಯಾವುದು ಎಷ್ಟು ದಾಟಿತು ಎಂದು ಜಗಳವಾಡುವುದು ನಮ್ಮಂಥವರ ಚಟ.

ಇನ್ನೊಂದು ವಿಷಯ. ಆ 16 ಜಿಬಿ ಒಂದೇ ಕಡ್ಡಿಯೋ, ಎಂಟೆಂಟರ ಎರಡೋ ನೋಡಿ. ಒಂದೇ ಕಡ್ಡಿ ಇದ್ದರೆ ಮೆಮೊರಿಯ ಅರ್ಧ ದಾರಿ ಮುಚ್ಚಿದಂತೆ. ಆಗ ಆಟ ನಡುನಡುವೆ ಮುಗ್ಗರಿಸುತ್ತದೆ, ಜನ ಪ್ರೊಸೆಸರ್‌ಗೆ ಬೈಯುತ್ತಾರೆ.

ಕೋಟೆಬಾಗಿಲು, ಬೀದರ್

ಎಲ್ಲರೂ ರೈಜನ್ ಕಡೆ ವಾಲುತ್ತಿದ್ದೀರಿ, ಇಂಟೆಲ್ ಪರವಾಗಿ ನಾನೊಬ್ಬ ನಿಲ್ಲುತ್ತೇನೆ. ನಾನು ಮದುವೆ ವಿಡಿಯೊ ಎಡಿಟ್ ಮಾಡುವವನು. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು 4:2:2 10-ಬಿಟ್‌ನಲ್ಲಿ (ಬಣ್ಣದ ವಿವರ ಹೆಚ್ಚು ಉಳಿಸುವ ಬಗೆ), ಎಚ್.265 ಎಂಬ ಒತ್ತಿ ಕಿರಿದಾಗಿಸುವ ರೂಪದಲ್ಲಿ ಚಿತ್ರೀಕರಿಸುತ್ತವೆ. ಬಣ್ಣ ತಿದ್ದುವಾಗ ಸೀರೆಯ ಕೆಂಪು ಒಡೆಯುವುದಿಲ್ಲ ಎಂದು ನಾವೆಲ್ಲ ಅದಕ್ಕೇ ಹೋಗಿದ್ದೇವೆ. ಆದರೆ ಈ ಕಡತಗಳನ್ನು ಟೈಮ್‌ಲೈನ್‌ನಲ್ಲಿ ಎಳೆದಾಡುವುದು ನರಕ. ಅದನ್ನು ಯಂತ್ರಾಂಶದಲ್ಲೇ ಬಿಡಿಸುವ ಸಾಮರ್ಥ್ಯ 13700ಎಚ್‌ನ ಒಳಗಿನ ಗ್ರಾಫಿಕ್ಸ್‌ಗೆ ಇದೆ, ಕ್ವಿಕ್ ಸಿಂಕ್ ಎನ್ನುತ್ತಾರೆ. 7840ಎಚ್‌ಎಸ್‌ನ ರೇಡಿಯಾನ್ 780ಎಂಗೆ ಇಲ್ಲ. ಆರ್‌ಟಿಎಕ್ಸ್ 4060ಕ್ಕೂ ಇಲ್ಲ. ಎನ್‌ವಿಡಿಯಾ ಅದನ್ನು ಸೇರಿಸಿದ್ದು 50ರ ಸರಣಿಯಲ್ಲಿ. ಹಾಗಾಗಿ ಪ್ರೀಮಿಯರ್ ಪ್ರೊ ತೆರೆದು ಕೂರುವವರಿಗೆ ಮೇಲಿನ ವ್ಯಾಟ್ ಪುರಾಣವೆಲ್ಲ ಗೌಣ. ರೈಜನ್ ಮೇಲೆ ಅದೇ ಕೆಲಸಕ್ಕೆ ಮೊದಲು ಪ್ರಾಕ್ಸಿ (ಎಡಿಟಿಂಗ್‌ಗೆ ಹಗುರ ನಕಲು) ಮಾಡಿಕೊಳ್ಳಬೇಕು, ಮದುಮಗಳ ತಂದೆ ಫೋನ್ ಮೇಲೆ ಫೋನ್ ಮಾಡುವಾಗ ಪ್ರಾಕ್ಸಿಗೆ ಪುರುಸೊತ್ತು ಎಲ್ಲಿಂದ ಬರಬೇಕು?

ಆದರೆ ಒಂದು ಎಚ್ಚರಿಕೆ. ಆಟಕ್ಕೆ ಫ್ರೇಮ್ ಸಿಗಲಿ ಎಂದು ಮಕ್ಸ್ ಸ್ವಿಚ್‌ನಲ್ಲಿ (ಪರದೆಯನ್ನು ಯಾವ ಗ್ರಾಫಿಕ್ಸ್ ನಡೆಸಬೇಕೆಂದು ಆರಿಸುವ ವ್ಯವಸ್ಥೆ) ಎನ್‌ವಿಡಿಯಾ ಮಾತ್ರ ಎಂದು ಇಟ್ಟರೆ ಒಳಗಿನ ಗ್ರಾಫಿಕ್ಸ್ ಮಲಗಿಬಿಡುತ್ತದೆ, ಕ್ವಿಕ್ ಸಿಂಕ್ ಮಾಯ. ಎಡಿಟಿಂಗ್‌ಗೆ ಕೂರುವ ಮುನ್ನ ಎರಡೂ ಗ್ರಾಫಿಕ್ಸ್ ಎಚ್ಚರವಿರುವ ಹೈಬ್ರಿಡ್‌ಗೆ ಮರಳಿಸಬೇಕು.

ಇನ್ನು ಬಿಸಿಲಿನ ವಿಷಯ: ನಮ್ಮ ಬೀದರ್ ಎತ್ತರದಲ್ಲಿದೆ, ನಿಮ್ಮಷ್ಟು ಬೇಯುವುದಿಲ್ಲ. ಅದಕ್ಕೂ ನನ್ನ ಮಾತಿಗೂ ಸಂಬಂಧ ಇರಬಹುದು.

ನಕ್ಷೆಗಾರ, ಕಲಬುರಗಿ

ವಿಡಿಯೊ ಕೆಲಸ ನನಗಿಲ್ಲ. ಆದರೆ ಇದನ್ನು ಯಾರೂ ಹೇಳಿರಲಿಲ್ಲ, ನನ್ನ ಭಾವಮೈದುನನಿಗೆ ಉಪಯೋಗವಾಗುತ್ತದೆ. ಕರೆಂಟ್ ಹೋದಾಗ ಇವೆರಡರ ಪಾಡೇನು? ಬೇಸಿಗೆಯಲ್ಲಿ ಮಧ್ಯಾಹ್ನವಿಡೀ ಇನ್ವರ್ಟರ್ ಮೇಲೆ ಇರುತ್ತೇವೆ.

ಕೃಷ್ಣಾತೀರ, ಯಾದಗಿರಿ

ಸುರಪುರದ ಮನೆಯಿಂದಲೇ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಕೆಲಸ ಮಾಡುತ್ತೇನೆ, 7840ಎಚ್‌ಎಸ್ ಬಳಸುತ್ತಿದ್ದೇನೆ. ಇನ್ವರ್ಟರ್ ಲೆಕ್ಕ ನನಗೆ ಬಾಯಿಪಾಠ.

12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿ ಅಂದರೆ ಕಾಗದದ ಮೇಲೆ 1800 ವ್ಯಾಟ್-ಅವರ್. ಆಟ ನಡೆಯುವಾಗ ಲ್ಯಾಪ್‌ಟಾಪ್ 200 ವ್ಯಾಟ್ ಎಳೆಯಿತು, ಮೇಲೊಂದು ಫ್ಯಾನ್ 70 ಎಂದುಕೊಳ್ಳಿ. ಕಾಗದದ ಮೇಲೆ ಆರೂವರೆ ತಾಸು ಬರಬೇಕು. ಪರಿವರ್ತನೆಯ ನಷ್ಟ, ಬ್ಯಾಟರಿಯ ವಯಸ್ಸು, ಮನೆಯವರ ಟಿವಿ ಮತ್ತು ದೀಪ ಕಳೆದರೆ ಅದರ ಅರ್ಧ ಸಿಕ್ಕರೆ ಪುಣ್ಯ. ಅದೇ ಆಟೊಕ್ಯಾಡ್ ತೆರೆದು ಗೆರೆ ಎಳೆಯುತ್ತ ಕೂತರೆ 30–40 ವ್ಯಾಟ್‌ನಲ್ಲಿ ಮುಗಿಯುತ್ತದೆ, ಇನ್ವರ್ಟರ್‌ಗೆ ನೀವಿರುವುದೇ ತಿಳಿಯುವುದಿಲ್ಲ.

ಇನ್ವರ್ಟರ್ ಕೂಡ ಕೈಕೊಟ್ಟು ಲ್ಯಾಪ್‌ಟಾಪ್‌ನ ಸ್ವಂತ ಬ್ಯಾಟರಿಗೆ ಬಂದರೆ ಎರಡರ ಗುಣ ಬೇರೆಯಾಗುತ್ತದೆ. ಹಗುರ ಕೆಲಸದಲ್ಲಿ ರೈಜನ್ ಕಡಿಮೆ ಕುಡಿಯುತ್ತದೆ. ಅದರೊಳಗಿನ 780ಎಂ ಗ್ರಾಫಿಕ್ಸ್ 12 ಘಟಕಗಳ ಆರ್‌ಡಿಎನ್‌ಎ 3 ವಿನ್ಯಾಸದ್ದು, ಇಂಟೆಲ್ ಒಳಗಿನ ಗ್ರಾಫಿಕ್ಸ್ ಐರಿಸ್ ಎಕ್ಸ್‌ಇಗಿಂತ ಬಹಳ ಗಟ್ಟಿ. 4060 ಅನ್ನು ಮಲಗಿಸಿ ವ್ಯಾಲರಂಟ್ ಅನ್ನು ಕಡಿಮೆ ಸೆಟ್ಟಿಂಗ್‌ನಲ್ಲಿ ಬರೀ 780ಎಂ ಮೇಲೆ ಆಡಬಹುದು. ಶರತ್ತು ಒಂದೇ, ಫ್ರೇಮ್‌ಬೇಟೆ ಹೇಳಿದ ಹಾಗೆ ಎರಡು ಕಡ್ಡಿ ರ‍್ಯಾಮ್ ಬೇಕು. ಒಳಗಿನ ಗ್ರಾಫಿಕ್ಸ್ ಬದುಕುವುದೇ ರ‍್ಯಾಮ್ ವೇಗದ ಮೇಲೆ. 4060 ಎಬ್ಬಿಸಿ ಬ್ಯಾಟರಿ ಮೇಲೆ ಆಡುವ ಆಸೆ ಮಾತ್ರ ಬೇಡ. ಬ್ಯಾಟರಿ ಅಷ್ಟು ವ್ಯಾಟ್ ಕೊಡಲಾರದು. ಫ್ರೇಮ್ ಬೀಳುತ್ತದೆ, ತಾಸೊಳಗೆ ಎಲ್ಲ ಮುಗಿಯುತ್ತದೆ.

ಕೋಡ್ ಕಂಪೈಲ್ ಮಾಡುವಾಗ, ಆಂಡ್ರಾಯ್ಡ್ ಎಮ್ಯುಲೇಟರ್ ಓಡಿಸುವಾಗ ಎಂಟೂ ಕೋರ್ ಸಮನಾಗಿ ದುಡಿಯುತ್ತವೆ, ನನಗೆ ಕೊರತೆ ಕಂಡಿಲ್ಲ. ಫ್ಯಾನ್ ಸದ್ದು ಇದ್ದೇ ಇದೆ, ಮೀಟಿಂಗ್‌ನಲ್ಲಿ ಒಮ್ಮೆ ಮಳೆ ಬರುತ್ತಿದೆಯೇ ಎಂದು ಕೇಳಿದ್ದರು. ಏಪ್ರಿಲ್‌ನಲ್ಲಿ, ಸುರಪುರದಲ್ಲಿ!

ಹಳೆಹುಲಿ, ಸೇಡಂ

ಇಂಟೆಲ್‌ನ 13ನೇ ಪೀಳಿಗೆ ತಾನಾಗಿಯೇ ಕೆಟ್ಟುಹೋಗುತ್ತದೆ ಎಂದು ಪತ್ರಿಕೆಯಲ್ಲಿ ಓದಿದ ನೆನಪು. ಅಷ್ಟಕ್ಕೇ ಚರ್ಚೆ ಮುಗಿಯಲಿಲ್ಲವೇ?

ಸ್ಕ್ರೂಡ್ರೈವರ್, ಕಲಬುರಗಿ

ಸರ್, ಅದು ಡೆಸ್ಕ್‌ಟಾಪ್ ಚಿಪ್‌ಗಳ ಕಥೆ. 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಹೆಚ್ಚು ವೋಲ್ಟೇಜ್ ಹೋಗಿ ಅಸ್ಥಿರವಾಗುತ್ತಿದ್ದವು. 2024ರ ಆಗಸ್ಟ್‌ನಲ್ಲಿ ಇಂಟೆಲ್ ಮೈಕ್ರೋಕೋಡ್ (ಚಿಪ್ ಒಳಗಿನ ತಂತ್ರಾಂಶ) ತಿದ್ದುಪಡಿ ಕೊಟ್ಟಿತು, ಆ ಚಿಪ್‌ಗಳ ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಲ್ಯಾಪ್‌ಟಾಪ್ ಚಿಪ್‌ಗಳಿಗೆ ಆ ದೋಷ ತಟ್ಟುವುದಿಲ್ಲ ಎಂದು ಇಂಟೆಲ್ ಹೇಳಿದೆ. 13700ಎಚ್ ಬೇಡ ಎನ್ನಲು ಬೇರೆ ಕಾರಣ ಇರಲಿ, ಇದು ಬೇಡ.

ನಕ್ಷೆಗಾರ, ಕಲಬುರಗಿ

ಇವತ್ತು ಮತ್ತೆ ಅಂಗಡಿಗೆ ಹೋಗಿದ್ದೆ. ಮಾಲೀಕರು ಮೂರನೆಯದೊಂದು ತೆಗೆದು ತೋರಿಸಿದರು: ರೈಜನ್ 7 7735ಎಚ್‌ಎಸ್. "ಅದೂ ರೈಜನ್ 7, ಇದೂ ರೈಜನ್ 7, ಎರಡೂ ಏಳು ಸಾವಿರದ ಸರಣಿ, ಇದಕ್ಕೆ ಬೆಲೆ ಇನ್ನೂ ಕಡಿಮೆ" ಎಂದರು. ಮನಸ್ಸು ಸ್ವಲ್ಪ ಅಲ್ಲಾಡಿದೆ.

ಕೃಷ್ಣಾತೀರ, ಯಾದಗಿರಿ

ಅಲ್ಲಾಡಿಸಬೇಡಿ. 2023ರ ಎಎಂಡಿ ಸಂಖ್ಯೆಗಳಲ್ಲಿ ನೋಡಬೇಕಾದದ್ದು ಮೂರನೆಯ ಅಂಕಿ. 7840ರಲ್ಲಿ ಅದು 4, ಅಂದರೆ ಜೆನ್ 4. 7735ರಲ್ಲಿ 3, ಅಂದರೆ ಜೆನ್ 3+. ಅದು 2022ರ 6800ಎಚ್ ಸಂತತಿಯೇ, ಹೊಸ ಅಂಗಿ ತೊಟ್ಟು ಬಂದಿದೆ. ಎಂಟು ಕೋರ್ ಇವೆ, ಆದರೆ 6 ನ್ಯಾನೊಮೀಟರ್, ಗರಿಷ್ಠ 4.75 ಗಿಗಾಹರ್ಟ್ಸ್, ಒಳಗಿನ ಗ್ರಾಫಿಕ್ಸ್ ಒಂದು ಪೀಳಿಗೆ ಹಿಂದಿನ 680ಎಂ. ಇದೇ ಏಳು ಸಾವಿರದಲ್ಲಿ 7520ಯು ಎಂಬುದೂ ಇದೆ, ಮೂರನೆಯ ಅಂಕಿ 2, ಜೆನ್ 2! ಒಂದೇ ಮದುವೆಗೆ ಅಜ್ಜ, ಅಪ್ಪ, ಮೊಮ್ಮಗ ಮೂವರೂ ಒಂದೇ ಬಣ್ಣದ ಶಾಲು ಹೊದ್ದು ಬಂದಂತೆ.

7735ಎಚ್‌ಎಸ್ ಕೆಟ್ಟದ್ದೆಂದು ಹೇಳುತ್ತಿಲ್ಲ. ಬೆಲೆ ನಿಜವಾಗಿಯೂ ಬಹಳ ಕಡಿಮೆಯಿದ್ದರೆ ಆಟಕ್ಕೆ ಸಾಕು. 7840ರ ಹತ್ತಿರದ ಬೆಲೆಗೆ ಮಾತ್ರ ಬೇಡ.

ಫ್ರೇಮ್‌ಬೇಟೆ, ಕಲಬುರಗಿ

ಇಂಟೆಲ್‌ನವರೇನು ಕಡಿಮೆಯಿಲ್ಲ. ಐ7-13620ಎಚ್ ಅಂದರೆ 10 ಕೋರ್, ಐ7-1355ಯು ಅಂದರೆ ದೊಡ್ಡ ಕೋರ್ ಎರಡೇ. ಐ7 ಸ್ಟಿಕ್ಕರ್ ಮೂರಕ್ಕೂ ಒಂದೇ.

ಕೋಟೆಬಾಗಿಲು, ಬೀದರ್

ನಕ್ಷೆಗಾರರೇ, ಅಂಗಡಿಯವರು ಜಗ್ಗದಿದ್ದರೆ ಸಿಕಂದರಾಬಾದಿನ ಪಾರ್ಕ್‌ಲೇನ್ ಕಡೆ ಒಮ್ಮೆ ಹೋಗಿ ಬನ್ನಿ. ನಮ್ಮ ಬೀದರ್‌ನವರು ರೈಲು ಹತ್ತುವುದೇ ಅಲ್ಲಿಗೆ. ಎಲ್ಲಿ ಕೊಂಡರೂ ಆನ್‌ಸೈಟ್ ಸೇವೆ ನಿಮ್ಮ ಪಿನ್‌ಕೋಡ್‌ಗೆ ಇದೆಯೇ ಎಂದು ಕೇಳಿ ಬರೆಸಿಕೊಳ್ಳಿ.

ಸ್ಕ್ರೂಡ್ರೈವರ್, ಕಲಬುರಗಿ

ನಾನು ಊರಿನ ಅಂಗಡಿಯ ಪರ, ಕೆಟ್ಟಾಗ ಎದುರಿಗೆ ಹೋಗಿ ನಿಲ್ಲಬಹುದು. ಅದಿರಲಿ, ಧೂಳಿನ ಮಾತು ಯಾರೂ ಎತ್ತಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಫರ್ಶಿ ಕೊಯ್ಯುವ ಪುಡಿ, ಸಿಮೆಂಟು, ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿಯ ಹೊಟ್ಟು, ಎಲ್ಲ ಗಾಳಿಯಲ್ಲೇ ಇರುತ್ತವೆ. ನಕ್ಷೆಗಾರರು ಕಟ್ಟಡದ ಸೈಟಿಗೂ ಒಯ್ಯುತ್ತಾರೆ. ಫ್ಯಾನ್ ದಾಟಿದ ಧೂಳು ಹೀಟ್‌ಸಿಂಕ್‌ನ ತೆಳು ರೆಕ್ಕೆಗಳ ಬಾಯಲ್ಲಿ ಕಂಬಳಿಯಂತೆ ಕೂರುತ್ತದೆ. ಆಮೇಲೆ ಇಂಟೆಲ್ ಆದರೇನು, ಎಎಂಡಿ ಆದರೇನು. ರಾಶಿ ಮುಗಿದ ಮೇಲೆ, ಬಿಸಿಲು ಏರುವ ಮುಂಚೆ, ಫೆಬ್ರವರಿ ಸುಮಾರಿಗೆ ಒಮ್ಮೆ ತೆಗೆಸಿ ಸ್ವಚ್ಛ ಮಾಡಿಸಿ, ಥರ್ಮಲ್ ಪೇಸ್ಟ್ ಒಣಗಿದ್ದರೆ ಬದಲಿಸಿ. ಕೌದಿಯ ಮೇಲೆ ಇಟ್ಟು ಆಡಬೇಡಿ, ಗಾಳಿ ಎಳೆಯುವ ರಂಧ್ರಗಳು ಕೆಳಗಿವೆ. ಕೂಲರ್ ಎದುರಿಗೆ ನೇರವಾಗಿಯೂ ಬೇಡ. ತಂಪೇನೋ ಸಿಗುತ್ತದೆ, ಜೊತೆಗೆ ನೀರಿನ ಸಿಂಪರಣೆಯೂ ಒಳಹೋಗುತ್ತದೆ. ಉಪ್ಪುನೀರು ತುಂಬುವ ಮನೆಗಳಿಂದ ಬಂದ ಬೋರ್ಡ್‌ಗಳ ಮೇಲೆ ಬಿಳಿ ಪುಡಿ ಕಂಡಿದ್ದೇನೆ. ಕೂಲರ್ ಕೋಣೆಯನ್ನು ತಂಪಾಗಿಸಲಿ, ಲ್ಯಾಪ್‌ಟಾಪ್ ಪಕ್ಕಕ್ಕಿರಲಿ.

ಇನ್ನೊಂದು ಉಪಾಯ ಪುಕ್ಕಟೆ. ಆಟದ ಫ್ರೇಮ್‌ಗೆ ಮಿತಿ ಹಾಕಿ. ಕಥೆಯ ಆಟಕ್ಕೆ 60 ಅಥವಾ 75 ಸಾಕು. ಬಿಟ್ಟರೆ ಯಂತ್ರ ಯಾರೂ ಕೇಳದ ಫ್ರೇಮ್‌ಗಳನ್ನು ಹೆಣೆಯುತ್ತ ಕುದಿಯುತ್ತದೆ. ತೀರಾ ಕಡು ಬೇಸಿಗೆಯಲ್ಲಿ ಟರ್ಬೊವನ್ನೇ ನಿಲ್ಲಿಸುವವರೂ ಇದ್ದಾರೆ. ಅಲ್ಲಿಯೂ ರೈಜನ್‌ಗೆ ಅನುಕೂಲ, ಅದರ ಮೂಲ ವೇಗ 3.8 ಗಿಗಾಹರ್ಟ್ಸ್, 13700ಎಚ್‌ನ ದೊಡ್ಡ ಕೋರ್‌ಗೆ 2.4 ಮಾತ್ರ.

ನಕ್ಷೆಗಾರ, ಕಲಬುರಗಿ

ನೀವು ಹೇಳಿದ್ದನ್ನೆಲ್ಲ ಚೀಟಿ ಮಾಡಿಕೊಂಡು ಹೋಗಿ ಎರಡನ್ನೂ ತೆರೆದು ನೋಡಿದೆ. ಇಂಟೆಲ್ ಯಂತ್ರದಲ್ಲಿ ಡಿಡಿಆರ್4-3200, ಎಂಟೆಂಟರ ಎರಡು ಕಡ್ಡಿ. ರೈಜನ್‌ನಲ್ಲಿ ಡಿಡಿಆರ್5-5600, ಆದರೆ 16ರ ಒಂದೇ ಕಡ್ಡಿ, ಇನ್ನೊಂದು ಸ್ಲಾಟ್ ಖಾಲಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ಮಾಹಿತಿಯಲ್ಲಿ 4060ರ ಗರಿಷ್ಠ ವ್ಯಾಟ್ ಇಂಟೆಲ್‌ನದ್ದು 140, ರೈಜನ್‌ನದ್ದು 105 ತೋರಿಸಿತು. ಮತ್ತೆ ಗೊಂದಲ.

ಫ್ರೇಮ್‌ಬೇಟೆ, ಕಲಬುರಗಿ

4060ಕ್ಕೆ 100 ವ್ಯಾಟ್ ದಾಟಿದ ಮೇಲೆ ಕೊಟ್ಟದ್ದೆಲ್ಲ ಹೆಚ್ಚುಕಡಿಮೆ ಬಿಸಿಯಾಗಿ ಹೋಗುತ್ತದೆ, ಫ್ರೇಮ್ ಅಷ್ಟಾಗಿ ಏರುವುದಿಲ್ಲ. 105 ಸಾಕು. 70–80 ಇದ್ದಿದ್ದರೆ ನಾನೇ ಬೇಡ ಎನ್ನುತ್ತಿದ್ದೆ. ಮೊದಲು ಇಂಟೆಲ್ ಎಂದವನು ನಾನು, ಆದರೆ ಹಳೆಯ ಪೀಳಿಗೆಯ ಆ ಡಿಡಿಆರ್4 ರ‍್ಯಾಮ್ ನೋಡಿದ ಮೇಲೆ ಅದರ ಪರ ವಾದಿಸುವ ಉಮೇದಿಲ್ಲ. ರೈಜನ್ ತೆಗೆದುಕೊಂಡು ಇನ್ನೊಂದು ಕಡ್ಡಿ ಹಾಕಿಸಿ.

ಕೃಷ್ಣಾತೀರ, ಯಾದಗಿರಿ

ಉಳಿದ ಮಾಲು ಅಂದಿರಲ್ಲ, ಬ್ಯಾಟರಿ ಅಲ್ಲೇ ಕೂತು ಮುದಿಯಾಗಿರಬಹುದು. ಅಂಗಡಿಯಲ್ಲೇ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಎಂಬ ಆದೇಶದಿಂದ ಬ್ಯಾಟರಿ ವರದಿ ತೆಗೆಸಿ, ಮೂಲ ಸಾಮರ್ಥ್ಯ ಮತ್ತು ಈಗಿನ ಪೂರ್ಣ ಚಾರ್ಜ್ ಎರಡನ್ನೂ ಹೋಲಿಸಿ ನೋಡಿ. ವಾರಂಟಿ ಬಿಲ್ಲಿನ ದಿನದಿಂದ ಶುರುವಾಗಿದೆಯೇ ಎಂದು ಕಂಪನಿಯ ಜಾಲತಾಣದಲ್ಲಿ ಸೀರಿಯಲ್ ನಂಬರ್ ಹಾಕಿ ಖಚಿತಪಡಿಸಿಕೊಳ್ಳಿ.

ನಕ್ಷೆಗಾರ, ಕಲಬುರಗಿ

ರೈಜನ್‌ಗೆ ಮುಂಗಡ ಕೊಟ್ಟು ಬಂದೆ. ಬ್ಯಾಟರಿ ವರದಿ ಚೆನ್ನಾಗಿದೆ. ಸ್ಕ್ರೂಡ್ರೈವರ್ ಅಣ್ಣ, ಎರಡನೆಯ ಕಡ್ಡಿ ಯಾವುದು ತರಲಿ?

ಸ್ಕ್ರೂಡ್ರೈವರ್, ಕಲಬುರಗಿ

ಒಳಗಿರುವುದರ ಜೋಡಿಯೇ: ಲ್ಯಾಪ್‌ಟಾಪ್‌ಗೆ ಹೊಂದುವ ಸಣ್ಣ ಕಡ್ಡಿ ಎಸ್‌ಒ-ಡಿಮ್, ಡಿಡಿಆರ್5-5600, 16 ಜಿಬಿ. ಹಿಂದಿನ ಮುಚ್ಚಳ ತೆಗೆದರೆ ವಾರಂಟಿಗೆ ತೊಂದರೆಯಿಲ್ಲ ಎಂದು ಅಂಗಡಿಯವರಿಂದ ಮೊದಲೇ ಕೇಳಿಟ್ಟುಕೊಳ್ಳಿ, ಅಥವಾ ಅವರ ಕೈಯಲ್ಲೇ ಹಾಕಿಸಿ. ಹಾಕಿದ ಮೇಲೆ ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರುತ್ತದೆ. ಹೊಸ ರ‍್ಯಾಮ್‌ನ ಪರಿಚಯ ಮಾಡಿಕೊಳ್ಳುವ ಹೊತ್ತು ಅದು. ಗಾಬರಿಯಾಗಿ ಪವರ್ ಬಟನ್ ಒತ್ತಿ ಆರಿಸಬೇಡಿ, ಚಾರ್ಜರ್ ಹಾಕಿಯೇ ಇಡಿ. ಆಗ ಕರೆಂಟ್ ಹೋದರೂ ಬ್ಯಾಟರಿ ನೋಡಿಕೊಳ್ಳುತ್ತದೆ.